ಬರಿ ಕೊಕ್ಕೆ ಎತ್ತಿದವರು

"ಮಾವ, ಇನ್ನೂರ ಹನ್ನೊಂದು ಸಾಲು ಕಾಣೆಯಾಗಿವೆ."

ಸೊಸೆ ಹಾಗೆಂದಾಗ ಬೆಳಿಗ್ಗೆ ಒಂಬತ್ತೂಕಾಲು. ಕನ್ನಡಕ ಒರೆಸುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದೆ. ಮನುಷ್ಯರು ಕಾಣೆಯಾಗುವುದು ನನಗೆ ಗೊತ್ತು, ಸೈಕಲ್ಲು ಕಾಣೆಯಾಗುವುದು ಗೊತ್ತು. ಮೂವತ್ತೊಂದು ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿ ಅಂಥ ದೂರುಗಳನ್ನೇ ಬರೆದುಕೊಂಡವನು ನಾನು. ಸಾಲುಗಳು ಕಾಣೆಯಾದ ದೂರು ಇದೇ ಮೊದಲು.

"ಎಲ್ಲಿಂದ ಕಾಣೆ?"

"ಮೂಲ ಫೈಲಲ್ಲಿವೆ. ಯಾರ್ಡ್ ಆಫೀಸಿನವರು ವಿಚಾರಣೆಗೆ ಕೊಟ್ಟಿರೋ ಪಟ್ಟಿಯಲ್ಲಿಲ್ಲ."

ಒಂಬತ್ತು ದಿನದ ಹಿಂದೆ ಬಂದರಿನ ಯಾರ್ಡಿನಲ್ಲಿ ಮೂವತ್ತು ಟನ್ನಿನ ಕ್ರೇನಿನ ತಂತಿ ಕಿತ್ತು, ಹೊರೆಗೆ ಕೊಕ್ಕೆ ಹಾಕಲು ಕೆಳಗಿದ್ದವನು ಹೊರೆಯಡಿ ಸಿಕ್ಕಿ ಸತ್ತ. ಕ್ರೇನ್ ನಡೆಸುವ ಹುಡುಗ "ಹೊರೆಯನ್ನು ಒಮ್ಮೆಲೇ ಜೋರಾಗಿ ಜಗ್ಗಿದ್ದು ನಾನೇ, ತಪ್ಪು ನನ್ನದೇ" ಎಂದು ಬರೆದುಕೊಟ್ಟು ಲಾಕಪ್ಪಿನಲ್ಲಿ ಕೂತಿದ್ದಾನೆ. ನಾಳೆ ಹತ್ತು ಗಂಟೆಗೆ ವಿಚಾರಣಾಧಿಕಾರಿ ಸಹಿ ಹಾಕಿದರೆ ಅವನಿಗೆ ಐದು ವರ್ಷ ಜೈಲು ಕಟ್ಟಿಟ್ಟ ಬುತ್ತಿ. ಅದನ್ನು ತಪ್ಪಿಸಿಕೊಡಿ ಎಂದು ನಮ್ಮ ಬಾಗಿಲಿಗೆ ಬಂದವಳು ಅವನ ಅಕ್ಕ. "ನನ್ನ ತಮ್ಮ ಜಗ್ಗಿಲ್ಲ ಸಾರ್" ಎಂಬ ಒಂದು ಮಾತು, ಕ್ರೇನಿನ ಫೈಲಿದ್ದ ಒಂದು ಪೆನ್‌ಡ್ರೈವ್. ಇಷ್ಟೇ ಅವಳು ತಂದದ್ದು.

ತಪ್ಪು ಒಪ್ಪಿಕೊಂಡವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ಠಾಣೆಗಳದ್ದು. ಎಷ್ಟೋ ಸಲ ಆ ಎತ್ತನ್ನು ಕಟ್ಟಿದವನು ನಾನೇ. ಅದಕ್ಕೇ ಈ ಕೇಸನ್ನು ಹಿಡಿದೆ.

ನಮ್ಮ ಮನೆಯ ಮುಂದಿನ ಕೋಣೆಯೇ ಆಫೀಸು. ಮುಚ್ಚಿಹೋದ ಕಂಪನಿಗಳ, ಯಾರಿಗೂ ತೆರೆಯಲು ಬಾರದ ಫೈಲುಗಳನ್ನು ಬಿಡಿಸಿ, ಇಂದಿನ ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬದಲಿಸಿಕೊಡುವುದು ಸೊಸೆಯ ಕೆಲಸ. ನಾನು ಮನುಷ್ಯರ ಬಾಯಿ ಬಿಡಿಸುವವನು. ನನ್ನ ಮಗ ಹಲ್ಲಿನ ಡಾಕ್ಟರು, ಅವನೂ ಬಾಯಿ ಬಿಡಿಸುವವನೇ. ಆದರೆ ಮನೆಯಲ್ಲಿ ಮಾತ್ರ ತನ್ನ ಬಾಯಿ ತೆರೆಯುವುದಿಲ್ಲ.

"ಕಾಣೆಯಾದ ಸಾಲು ಯಾವುವು, ನೋಡೋಣ," ಎಂದು ಕುರ್ಚಿ ಎಳೆದುಕೊಂಡೆ.

ಪರದೆಯ ತುಂಬ ಅಂಕಿ ಅಕ್ಷರಗಳ ಜೋಡಿಗಳು. ಮೊದಲ ದಿನ ಅದನ್ನು ಕಂಡು ನನಗೆ ತಲೆ ಕೆಟ್ಟಿತ್ತು. ಆಮೇಲೆ ಸೊಸೆ ಒಂದೊಂದೇ ಬಿಡಿಸಿ ತೋರಿಸಿದಳು. ಕ್ರೇನಿನ ಕ್ಯಾಬಿನ್ನಿನಲ್ಲಿ ಒಂದು ದಾಖಲೆಯ ಪೆಟ್ಟಿಗೆ ಇದೆ. ಕೊಕ್ಕೆ ಹೊರಟಾಗ, ನಿಂತಾಗ, ತೂಕ ಬದಲಾದಾಗ ಅದು ಒಂದೊಂದು ಸಾಲು ಬರೆಯುತ್ತದೆ. ಹದಿನಾರು ಜೋಡಿಗೆ ಒಂದು ಸಾಲು: ಮೊದಲು ಗಂಟೆ, ಆಮೇಲೆ ತೂಕ, ಆಮೇಲೆ ಕೊಕ್ಕೆಯ ಎತ್ತರ. ಆ ಪೆಟ್ಟಿಗೆ ಮಾಡಿದ ಕಂಪನಿ ಬಾಗಿಲು ಹಾಕಿ ಹದಿನಾಲ್ಕು ವರ್ಷ. ಯಾವ ಅಂಕಿ ಎಲ್ಲಿ ಕೂರುತ್ತದೆ ಎಂದು ಹೇಳಲು ಯಾರೂ ಉಳಿದಿರಲಿಲ್ಲ. ಪುಣ್ಯಕ್ಕೆ ಯಾರ್ಡಿನ ಹಿರಿಯರು, ಎಲ್ಲರೂ ದೊಡ್ಡಯ್ಯ ಎನ್ನುವವರು, ತಮ್ಮ ಹಳೆ ನೋಟ್‌ಬುಕ್ಕಿನ ಒಂದು ಹಾಳೆ ಕಿತ್ತುಕೊಟ್ಟಿದ್ದರು. ಅದು ಈಗಲೂ ಗೋಡೆಯ ಮೇಲೆ ಪಿನ್ನಿನಲ್ಲಿ ನೇತಾಡುತ್ತಿತ್ತು.

ಸಾಲಿನ ಕೊನೆಯ ಎರಡು ಜೋಡಿ ಯಾಕಿವೆ ಎನ್ನುವುದನ್ನು ಮಾತ್ರ ಸೊಸೆಯೇ ಕಂಡುಹಿಡಿದಳು. ಪ್ರವಾಸಕ್ಕೆ ಹೊರಟಾಗ ಮೇಷ್ಟ್ರು ಮಕ್ಕಳನ್ನು ಎಣಿಸಿ ಅಂಗೈ ಮೇಲೆ ಬರೆದುಕೊಳ್ಳುವುದಿಲ್ಲವೇ, ಹಾಗೆ. ಸಾಲಿನ ಅಂಕಿಗಳನ್ನೆಲ್ಲ ಕೂಡಿ, ಪೆಟ್ಟಿಗೆ ತಾನೇ ಆ ಮೊತ್ತವನ್ನು ಕೊನೆಗೆ ಬರೆದಿಡುತ್ತದೆ. ಓದುವವರು ಮತ್ತೆ ಕೂಡಿ ನೋಡಿ ತಾಳೆ ಹಾಕಬಹುದು.

ಫೈಲಿನಲ್ಲಿದ್ದ ನಲವತ್ತು ದಿನದ ಸಾಲುಗಳೆಲ್ಲ ತಾಳೆಯಾದವು. ಒಂದು ಆಗಲಿಲ್ಲ: ತಂತಿ ಕಿತ್ತ ಕ್ಷಣದ ಸಾಲು. ತೂಕ ಇದ್ದಕ್ಕಿದ್ದಂತೆ ನಲವತ್ತೆರಡು ಟನ್ ಎಂದು ತೋರಿಸುವ, ಹುಡುಗನ ಕುತ್ತಿಗೆಗೆ ಬಿದ್ದಿದ್ದ ಸಾಲು.

"ಕಿತ್ತ ಏಟಿಗೆ ಪೆಟ್ಟಿಗೆ ತಡವರಿಸಿರಬೇಕು," ಎಂದಿದ್ದಳು ಸೊಸೆ. ನಾನೂ ತಲೆಯಾಡಿಸಿದ್ದೆ.

"ಇವು ನೋಡಿ," ಎಂದು ಈಗ ಬೆರಳಿಟ್ಟಳು. "ಕಾಣೆಯಾದ ಸಾಲುಗಳಲ್ಲೆಲ್ಲ ತೂಕ ನಾನೂರು ಕಿಲೋ ಆಸುಪಾಸು. ಹೊರೆ ಇಲ್ಲ. ಬರಿ ಕೊಕ್ಕೆ ಮೇಲೆ ಹೋಗಿ ಕೆಳಗೆ ಬಂದಿದೆ, ಅಷ್ಟೇ."

"ಯಾರೋ ಬೇಕಂತಲೇ ಅಳಿಸಿದ್ದಾರೆ."

"ನೀವು ಎಲ್ಲರನ್ನೂ ಕಳ್ಳರು ಅಂತೀರಿ ಮಾವ. ಮೊದಲು ಕೇಳೋಣ ನಡೀರಿ."

ಯಾರ್ಡಿನ ಕಂಪ್ಯೂಟರ್ ಸೆಕ್ಷನ್ ಎಂದರೆ ಗೋದಾಮಿನ ಮೂಲೆಯಲ್ಲಿ ಗಾಜು ಹಾಕಿದ ಒಂದು ಗೂಡು. ಅದರೊಳಗೆ ಒಬ್ಬ ಗುಮಾಸ್ತ, ಎರಡು ಫ್ಯಾನು. ಪಟ್ಟಿ ಮಾಡಿದವನು ಅವನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂದು ನಾನು ಅವನ ಮುಖವನ್ನೇ ನೋಡುತ್ತಾ ಕೇಳಿದೆ.

"ಇನ್ನೂರ ಹನ್ನೊಂದು ಸಾಲು ಎಲ್ಲಿ ಹೋದವು?"

"ಇನ್ನೂರ ಹನ್ನೊಂದಾ? ಅಷ್ಟೇನಾ?" ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ. ಅರ್ಧ ಟನ್‌ಗಿಂತ ಕಮ್ಮಿ ಇರೋದೆಲ್ಲ ಕಸ ಸಾರ್. ಅಧಿಕಾರಿಗಳು ಓದೋ ಪಟ್ಟಿ ಚೊಕ್ಕಟವಾಗಿರಲಿ ಅಂತ ತೆಗೆದುಬಿಟ್ಟೆ."

"ನೀವು ಯಾವತ್ತಾದ್ರೂ ಕ್ರೇನ್ ಹತ್ತಿ ನೋಡಿದ್ದೀರಾ?" ಎಂದಳು ಸೊಸೆ.

"ಅಯ್ಯೋ, ಎಪ್ಪತ್ತು ಮೆಟ್ಟಿಲು ಮೇಡಂ. ನನಗೆ ಸ್ಟೂಲ್ ಹತ್ತಿದ್ರೇ ಕಣ್ಣು ಕತ್ತಲೆ. ಫೈಲನ್ನ ದೊಡ್ಡಯ್ಯನೇ ಮೇಲಿಂದ ತಂದುಕೊಟ್ರು. ಅವಘಡದ ಮಾರನೇ ದಿನ ಬೆಳಿಗ್ಗೆ. ನಿಮ್ಮ ಹತ್ರ ಇರೋದೂ ಅದರದೇ ನಕಲಲ್ವಾ?"

ಅವನ ಹೆಗಲು ಅಲ್ಲಾಡಲಿಲ್ಲ. ಕುರ್ಚಿ ಬಿಟ್ಟು ಏಳದೆ, ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಒಬ್ಬನ ಜೀವನವನ್ನೇ ಗುಡಿಸಿ ಹಾಕಿದ್ದ. ನನಗೆ ಕಳ್ಳರ ಮೇಲೆ ಬರದಷ್ಟು ಸಿಟ್ಟು ಅಂಥವರ ಮೇಲೆ ಬರುತ್ತದೆ.

ಹೊರಗೆ ಬಂದಾಗ ಆ ಕ್ರೇನು ಎದುರಿಗೇ ನಿಂತಿತ್ತು. ಕಿತ್ತ ತಂತಿಯ ತುದಿಗೆ ಯಾರೋ ಚೀಲ ಸುತ್ತಿದ್ದರು. ಕೆಳಗಿನ ಸಿಮೆಂಟಿನ ಮೇಲೆ ಮರಳು ಹರಡಿತ್ತು, ಒಂಬತ್ತು ದಿನವಾದರೂ ಅದರ ಮೇಲೆ ಯಾರೂ ಕಾಲಿಡದೆ ಸುತ್ತು ಹಾಕಿ ಹೋಗುತ್ತಿದ್ದರು. ಸತ್ತವನನ್ನು ಯಾರ್ಡಿನಲ್ಲಿ ಸಿಳ್ಳೆಯಣ್ಣ ಎನ್ನುತ್ತಿದ್ದರಂತೆ. ಕೈಸನ್ನೆ ಮಾಡುವ ಬದಲು ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕುವುದು ಅವನ ರೂಢಿ. ಒಂದು ಸಿಳ್ಳೆಗೆ ಎತ್ತು, ಒಂದೂವರೆ ಸಿಳ್ಳೆಗೆ ನಿಲ್ಲು. ಆ ಅರ್ಧ ಸಿಳ್ಳೆ ಹಾಕಲು ಇಡೀ ಯಾರ್ಡಿನಲ್ಲಿ ಅವನೊಬ್ಬನಿಗೇ ಬರುತ್ತಿತ್ತು.

ದೊಡ್ಡಯ್ಯ ತಂತಿಯ ಶೆಡ್ಡಿನಲ್ಲಿದ್ದರು. ಯಾರ್ಡಿನ ಕ್ರೇನ್ ನಡೆಸುವವರೆಲ್ಲ ಅವರ ಶಿಷ್ಯರು. ವಯಸ್ಸಾದ ಮೇಲೆ ಕ್ಯಾಬಿನ್ನಿನಲ್ಲಿ ಕೂರುವುದು ಬಿಟ್ಟು ತಂತಿಗಳ ಪರೀಕ್ಷೆ ವಹಿಸಿಕೊಂಡಿದ್ದಾರೆ. ಕೈಯಲ್ಲಿ ಹತ್ತಿಬಟ್ಟೆ ಹಿಡಿದು ತಂತಿಯನ್ನು ಉದ್ದಕ್ಕೂ ಸವರುವುದು. ಎಲ್ಲಿ ಎಳೆ ಕಿತ್ತಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಾವು ಹೋದಾಗಲೂ ಅದನ್ನೇ ಮಾಡುತ್ತಿದ್ದರು. ಬಟ್ಟೆ ಬದಿಗಿಟ್ಟು ಸೊಸೆಗೆ ಸ್ಟೂಲು ಕೊಟ್ಟರು, ನನಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

"ಹಾಳೆ ಉಪಯೋಗಕ್ಕೆ ಬಂತಾ ಮಗಳೇ?"

"ಅದಿಲ್ಲದಿದ್ರೆ ಇನ್ನೂ ಮೊದಲ ಸಾಲಲ್ಲೇ ಇರ್ತಿದ್ದೆ ದೊಡ್ಡಯ್ಯ. ಇದೇನು ಅಂತ ಹೇಳಿ."

ಬರಿ ಕೊಕ್ಕೆಯ ಸಾಲುಗಳನ್ನು ಸೊಸೆ ಗೆರೆಯ ಚಿತ್ರವಾಗಿ ಬದಲಿಸಿ ಕಾಗದದ ಮೇಲೆ ತಂದಿದ್ದಳು. ಕೊಕ್ಕೆ ಏರಿದರೆ ಗೆರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ದೊಡ್ಡಯ್ಯ ಕನ್ನಡಕ ಹಣೆಗೇರಿಸಿ ಕಾಗದವನ್ನು ಮೂಗಿನ ಹತ್ತಿರ ತಂದರು. ಅವರ ಮುಖ ಅರಳಿತು.

"ಓಹೋ! ಇದೂ ಬರೆದುಕೊಳ್ಳುತ್ತಾ ಆ ಪೆಟ್ಟಿಗೆ! ನೋಡಿ ರೈಟರೇ, ಸೀಟಲ್ಲಿ ಹೊಸದಾಗಿ ಕೂತವನು ಹೊರೆ ಮುಟ್ಟೋ ಮೊದಲು ಬರಿ ಕೊಕ್ಕೆ ಎತ್ತಿ ಇಳಿಸಿ ನೋಡಬೇಕು. ಬ್ರೇಕು, ತಂತಿ, ಕೈ, ಮೂರೂ ಸರಿ ಇದೆಯಾ ಅಂತ. ಬರೆದಿಟ್ಟ ಕಾನೂನಲ್ಲ, ನಾನು ಕಲಿಸಿದ ಪಾಠ. ಎದ್ದುಹೋಗಿ ಬೇರೆಯವನು ಕೂತ್ರೆ ಅವನೂ ಮಾಡಬೇಕು."

"ಎಲ್ಲರೂ ಒಂದೇ ಥರ ಎತ್ತುತ್ತಾರಾ?"

"ಎಲ್ಲಾದರೂ ಉಂಟೇ! ಒಬ್ಬೊಬ್ಬರ ಕೈ ಒಂದೊಂದು. ಇದು ಬೆಳಗಿನ ಪಾಳಿಯವನು, ಮೂರು ಸಲ ಗಡಿಬಿಡಿಯಲ್ಲಿ. ಅವನಿಗೆ ಊಟಕ್ಕೂ ಅವಸರ. ಇದು ನಮ್ಮ ಹುಡುಗ." ಲಾಕಪ್ಪಿನಲ್ಲಿದ್ದವನ ಗೆರೆಯನ್ನು ಅವರು ಬೆರಳಲ್ಲಿ ಸವರಿದರು. "ಮೂರು ಸಲ, ಒಂದೇ ಅಳತೆ. ನನ್ನ ಪಾಠ ಒಪ್ಪಿಸಿದ ಹಾಗೆ."

ಮೂವತ್ತೊಂದು ವರ್ಷ ಠಾಣೆಯಲ್ಲಿ ಬರೆದವನಿಗೆ ಕೈಬರಹ ಎಂದರೇನೆಂದು ಗೊತ್ತು. ಸಹಿ ಇಲ್ಲದಿದ್ದರೂ ಯಾವ ಪೇದೆ ಬರೆದ ವರದಿ ಎಂದು ನಾನು ಹೇಳುತ್ತಿದ್ದೆ. ಇಲ್ಲೂ ಅದೇ ವಿದ್ಯೆ, ಪೆನ್ನಿನ ಬದಲು ಕೊಕ್ಕೆ.

"ಹಾಗಾದ್ರೆ ಇದು ಯಾರದ್ದು?" ಎಂದು ಸೊಸೆ ಕೊನೆಯ ಕಾಗದ ಇಟ್ಟಳು. "ಅವಘಡದ ದಿನದ್ದು. ಎರಡು ಗಂಟೆಗೆ ಪಾಳಿ ಶುರುವಾದಾಗ ಹುಡುಗನ ಮೂರು ಸಲ ಇದೆ. ಎರಡು ಮೂವತ್ತೊಂದಕ್ಕೆ ಮತ್ತೆ ಬರಿ ಕೊಕ್ಕೆ ಎತ್ತಿದ್ದಾರೆ. ಒಂದು ಉದ್ದ ಎಳೆತ, ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದ್ದಾರೆ, ಆಮೇಲೆ ಎರಡು ಗಿಡ್ಡ. ತಂತಿ ಕಿತ್ತದ್ದು ಎರಡು ನಲವತ್ತಕ್ಕೆ."

ದೊಡ್ಡಯ್ಯನ ಬೆರಳು ಕಾಗದ ಮುಟ್ಟಿತು. ಬಿಸಿ ತಾಗಿದವರಂತೆ ಹಿಂದಕ್ಕೆ ಎಳೆದುಕೊಂಡರು.

"ಇದು... ಇದು ಆ ದಿನದ್ದಲ್ಲ."

"ಆ ದಿನದ್ದೇ. ತಾಳೆ ನೋಡಿದ್ದೇನೆ."

ಅವರು ಹಣೆಯ ಮೇಲಿನ ಕನ್ನಡಕ ತೆಗೆದರು. ಕಣ್ಣಲ್ಲಿ ನೀರು ತುಂಬಿತ್ತು.

"ಇದು ಎಂದೋ ಸತ್ತವನ ಕೈ, ರೈಟರೇ. ಆ ಹುಡುಗನ ಅಪ್ಪ. ನನ್ನ ಜೊತೆಗಾರ. ಅದೇ ಕ್ರೇನಲ್ಲಿ ಇಪ್ಪತ್ತು ವರ್ಷ ಕೂತವನು. ಒಂದು ಉದ್ದ, ನಿಲ್ಲಿಸಿ ಉಸಿರು ಬಿಡೋದು, ಎರಡು ಗಿಡ್ಡ. ಅವನ ಹಾಗೆ ಇನ್ಯಾರೂ ಎತ್ತುತ್ತಿರಲಿಲ್ಲ. ಹೋಗಿ ಹನ್ನೊಂದು ವರ್ಷ ಆಯ್ತು."

"ಸತ್ತವರು ಬಂದು ಕ್ರೇನ್ ನಡೆಸಿದ್ರಾ?" ಎಂದೆ. ಮಾತು ಒರಟಾಯಿತು ಎಂದು ಆಡಿದ ಮೇಲೆ ಅನ್ನಿಸಿತು.

"ನಾಳೆ ವಿಚಾರಣೆಗೆ ತಜ್ಞ ಅಂತ ನನ್ನನ್ನೇ ಕೂರಿಸ್ತಿದ್ದಾರೆ. ಈ ಕಸ ಅಲ್ಲಿಗೆ ತರಬೇಡಿ. ಹುಡುಗ ಒಪ್ಪಿಕೊಂಡಿದ್ದಾನೆ. ಶಿಕ್ಷೆ ಕಡಿಮೆಯಾಗಲಿ ಅಂತ ನಾನೂ ಕೈ ಮುಗಿದು ಕೇಳಿಕೊಳ್ತೀನಿ. ಸತ್ತವರನ್ನ ಎಬ್ಬಿಸಬೇಡಿ." ಬಟ್ಟೆ ಎತ್ತಿಕೊಂಡು ಮತ್ತೆ ತಂತಿ ಸವರತೊಡಗಿದರು. "ಆ ಪೆಟ್ಟಿಗೆಯೂ ನಾಳೆ ಬೆಳಿಗ್ಗೆ ಏಳಕ್ಕೆ ಗುಜರಿಗೆ. ಬಿಚ್ಚಿ ಹೊಸದು ಹಾಕ್ತಿದ್ದೀವಿ. ಒಳ್ಳೇದೇ ಆಯ್ತು."

ಮುದುಕನ ದುಃಖ ನೋಡಲಾಗದೆ ನಾನು ಬೇಗ ಎದ್ದೆ.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತ ಸೊಸೆ ಮನೆ ಹತ್ತಿರ ಬಂದಾಗ ಒಮ್ಮೆಲೇ ಅಂದಳು. "ಮಾವ, ನಿಮ್ಮ ಮಗ ಚಪಾತಿ ಲಟ್ಟಿಸೋದನ್ನ ನೋಡಿದ್ದೀರಾ?"

"ಅವನು ಅಡುಗೆಮನೆಗೆ ಹೋಗೋದೇ ಅಪರೂಪ."

"ಹೋದಾಗ ನೋಡಿ. ಲಟ್ಟಣಿಗೆ ಹಿಡಿಯೋದು ನಿಮ್ಮ ಹಾಗೇ, ಹೆಬ್ಬೆರಳು ಮೇಲೆ. ನೀವೇ ಕಲಿಸಿದ್ದು ತಾನೇ? ಕೈ ಸಾಯಲ್ಲ ಮಾವ. ಕಲಿಸಿ ಹೋಗಿರ್ತಾರೆ."

ಸಂಜೆ ಐದೂವರೆಗೆ ತೂಕದಕ್ಕ ಬಂದಳು. ಹುಡುಗನ ಅಕ್ಕನನ್ನು ಯಾರ್ಡಿನಲ್ಲಿ ಎಲ್ಲರೂ ಕರೆಯುವುದು ಹಾಗೆ, ಬಂದ ಲಾರಿಗಳನ್ನು ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿ ಚೀಟಿ ಬರೆಯುವುದು ಅವಳ ಕೆಲಸವಾದ್ದರಿಂದ. ಮೂವತ್ತೆಂಟು ವರ್ಷ, ಗಂಡ ಇಲ್ಲ, ಶಾಲೆಗೆ ಹೋಗುವ ಒಬ್ಬಳು ಮಗಳು. ತಮ್ಮನಿಗೆ ಕೊಡಲು ಇಸ್ತ್ರಿ ಮಾಡಿದ ಅಂಗಿ ಕವರಿನಲ್ಲಿ ತಂದಿದ್ದಳು. ನಾಳೆ ಅವನು ಕೊಳಕಾಗಿ ನಿಲ್ಲಬಾರದು ಎಂದು.

ಅವಳು ಕೂತಳು. ಸೊಸೆ ನೀರು ಕೊಟ್ಟಳು. ನಾನು ಸುತ್ತಿ ಬಳಸಲಿಲ್ಲ.

"ನಿಮ್ಮಪ್ಪ ಬರಿ ಕೊಕ್ಕೆ ಹೇಗೆ ಎತ್ತುತ್ತಿದ್ದರಮ್ಮಾ?"

ಕುರ್ಚಿಯ ತೋಳಿನ ಮೇಲಿದ್ದ ಅವಳ ಬಲಗೈ ತಾನಾಗಿ ಹಿಂದಕ್ಕೆ ಸರಿಯಿತು. ಒಂದು ಉದ್ದ ಎಳೆತ. ನಿಂತಿತು. ಉಸಿರು ಬಿಟ್ಟಳು. ಆಮೇಲೆ ಎರಡು ಗಿಡ್ಡ.

ಕೈ ಏನು ಮಾಡಿತೆಂದು ಅವಳಿಗೆ ಆಮೇಲೆ ತಿಳಿಯಿತು. ಇನ್ನೊಂದು ಕೈಯಿಂದ ಅದನ್ನು ಮುಚ್ಚಿಕೊಂಡಳು.

"ನಿಮ್ಮಪ್ಪ ತಮ್ಮನಿಗೆ ಕಲಿಸಿದ್ದರಾ?"

"ಇಲ್ಲ. ಅಪ್ಪ ಹೋದಾಗ ಅವನಿಗೆ ಹದಿನೈದು. ಅವನಿಗೆ ಕಲಿಸಿದ್ದು ದೊಡ್ಡಯ್ಯ."

"ಮತ್ತೆ ಅಪ್ಪ ಯಾರಿಗೆ ಕಲಿಸಿದ್ರು?"

ಅವಳ ಕೈಯಲ್ಲಿ ಅಂಗಿಯ ಕವರು ಸರಬರ ಎಂದಿತು. ಸೊಸೆ ಎದ್ದು ಬಂದು ಅವಳ ಪಕ್ಕ ಕೂತಳು.

"ನನಗೇ ಸಾರ್," ಎಂದಳು ತೂಕದಕ್ಕ. "ರಜೆಯ ದಿನ ಯಾರೂ ಇಲ್ಲದಾಗ ಕರ್ಕೊಂಡು ಹೋಗಿ ಕೂರಿಸ್ತಿದ್ರು. ನನ್ನ ಕೈ ಅವರಿಗಿಂತ ಚೆನ್ನಾಗಿದೆ ಅಂತಿದ್ರು. ಹೆಂಗಸರನ್ನ ಕ್ಯಾಬಿನ್ ಹತ್ತಿಸಲ್ಲ ಅಂತ ಯಾರ್ಡಿನವರು ವೇಬ್ರಿಡ್ಜಿಗೆ ಹಾಕಿದ್ರು."

"ಆ ದಿನ ಎರಡು ಮೂವತ್ತೊಂದಕ್ಕೆ ಸೀಟಲ್ಲಿದ್ದದ್ದು ನೀನು."

"ಹೌದು."

"ಅದೊಂದೇ ದಿನ ಅಲ್ಲ," ಎಂದಳು ಸೊಸೆ, ಮೆಲ್ಲಗೆ. "ನಲವತ್ತು ದಿನದಲ್ಲಿ ಆರು ಸಲ ಆ ಗೆರೆ ಇದೆ ಅಕ್ಕಾ."

"ತಮ್ಮನಿಗೆ ತಲೆ ಸುತ್ತು ಬರೋಕೆ ಶುರುವಾಗಿತ್ತು. ಗೊತ್ತಾದ್ರೆ ಕ್ರೇನಿಂದ ಇಳಿಸ್ತಾರೆ. ಬಂದಾಗ ನನಗೆ ಫೋನ್ ಮಾಡೋನು, ನಾನು ಹಿಂದಿನ ಏಣಿಯಲ್ಲಿ ಹತ್ತಿ ಹತ್ತು ನಿಮಿಷ ಕೂರ್ತಿದ್ದೆ. ಗೊತ್ತಿದ್ದವನು ಸಿಳ್ಳೆಯಣ್ಣ ಒಬ್ಬನೇ. ನಾನು ಕೂತಿದ್ದೀನಿ ಅಂತ ಬರಿ ಕೊಕ್ಕೆ ನೋಡಿಯೇ ತಿಳ್ಕೊಂಡು, ಕೆಳಗಿಂದ ಒಂದು ಬೇರೆ ಥರ ಸಿಳ್ಳೆ ಹಾಕೋನು. ತಮಾಷೆಗೆ. ಆವತ್ತೂ ಹಾಕಿದ..."

ಅವಳು ಅಲ್ಲಿಗೇ ನಿಲ್ಲಿಸಿ ಅತ್ತಳು. ಸೊಸೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ನನಗೆ ಠಾಣೆಯಲ್ಲಿ ಅಳು ಕೇಳಿ ಅಭ್ಯಾಸವಿದೆ, ಆದರೂ ಆ ಹೊತ್ತು ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

"ತಂತಿ ಕಿತ್ತ ಮೇಲೆ ತಮ್ಮ ಕೆಳಗಿಂದ ಓಡಿ ಹತ್ತಿ ಬಂದ. ನನ್ನ ರಟ್ಟೆ ಹಿಡಿದು ಎಳೆದ. ಇಳಿ ಅಕ್ಕ, ನೀನು ವೇಬ್ರಿಡ್ಜಲ್ಲೇ ಇದ್ದೆ, ನಿನ್ನ ಮಗಳಿಗೆ ಇನ್ಯಾರಿದ್ದಾರೆ, ಬಾಯಿ ಬಿಡಲ್ಲ ಅಂತ ಮಾತು ಕೊಡು ಅಂದ. ಕೊಟ್ಟೆ."

"ಕೊಟ್ಟ ಮೇಲೆ ನಮ್ಮ ಹತ್ರ ಯಾಕೆ ಬಂದೆ ತಾಯಿ?"

ಅವಳು ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು. "ಮಾತು ಕೊಟ್ಟವಳು ನಾನು ರೈಟರ್ ಸಾರ್. ಆ ಫೈಲು ಯಾರಿಗೂ ಮಾತು ಕೊಟ್ಟಿಲ್ವಲ್ಲ. ಅದು ಹೇಳಲಿ ಅಂತ ಬಂದೆ."

ನಾಳೆ ಆ ಸಾಲುಗಳನ್ನು ಓದಿದರೆ ತಮ್ಮ ಹೊರಗೆ, ಅಕ್ಕ ಒಳಗೆ. ಓದದಿದ್ದರೆ ನಿರಪರಾಧಿಗೆ ಐದು ವರ್ಷ. ಅತ್ತ ದರಿ, ಇತ್ತ ಪುಲಿ ಎನ್ನುವ ಮಾತನ್ನು ನಾನು ಎಷ್ಟೋ ಸಲ ಸುಮ್ಮನೆ ಆಡಿದ್ದೆ. ಈ ಸಂಜೆ ಆಡಲು ಬಾಯಿ ಬರಲಿಲ್ಲ.

"ಜಗ್ಗಿದ್ದು ಯಾಕಮ್ಮಾ?" ಎಂದೆ ಕೊನೆಗೆ.

"ನಾನು ಜಗ್ಗಲಿಲ್ಲ."

"ಫೈಲಲ್ಲಿ ನಲವತ್ತೆರಡು ಟನ್ ಇದೆ. ಎತ್ತಿದ್ದ ಹೊರೆ ಇಪ್ಪತ್ತಾರು ಚಿಲ್ಲರೆ. ಜಗ್ಗದೆ ಅಷ್ಟು ಹೇಗೆ ಏರುತ್ತೆ?"

"ನನಗೆ ಗೊತ್ತಿಲ್ಲ ಸಾರ್. ಹೊರೆ ತೂಗಿ ಚೀಟಿ ಬರೆದವಳೂ ನಾನೇ, ಎತ್ತಿದವಳೂ ನಾನೇ. ಕಿತ್ತಾಗ ನನ್ನ ಕಣ್ಣು ತೂಕದ ಮುಳ್ಳಿನ ಮೇಲೇ ಇತ್ತು. ಇಪ್ಪತ್ತಾರು ಚಿಲ್ಲರೆ ದಾಟಿಯೇ ಇಲ್ಲ. ನಿಂತ ನಿಂತ ಹಾಗೇ ಕಿತ್ತು ಹೋಯ್ತು. ಜೈಲಿಗೆ ಹಾಕ್ತೀರಾ, ಹಾಕಿ. ಜಗ್ಗಿದೆ ಅಂತ ಮಾತ್ರ ಹೇಳಬೇಡಿ. ಅಪ್ಪ ಕಲಿಸಿದ ಕೈ ಇದು."

ಎಲ್ಲ ಅಪರಾಧಿಗಳೂ ಹೀಗೇ ಕೊನೆಗೊಂದು ಎಳೆ ಹಿಡಿದುಕೊಳ್ಳುತ್ತಾರೆ ಎಂದುಕೊಂಡೆ. ಆದರೆ ಸೊಸೆ ಥಟ್ಟನೆ ಎದ್ದು ಕಂಪ್ಯೂಟರಿನ ಮುಂದೆ ಹೋಗಿ ಕೂತಳು.

"ಏನಮ್ಮಾ?"

"ತಪ್ಪು ಮಾಡಿದೆ ಮಾವ. ತಾಳೆಯಾಗದ ಸಾಲು ಇಡೀ ಫೈಲಲ್ಲಿ ಒಂದೇ. ಪೆಟ್ಟಿಗೆಗೆ ಏಟು ಬಿದ್ದು ಕೆಟ್ಟಿದ್ರೆ ಅದರ ಮುಂದಿನ ಸಾಲೂ ಕೆಡಬೇಕಿತ್ತು. ಆ ಸಾಲು ಸರಿಯಾಗಿದೆ. ನಾನು ಅದನ್ನ ಯೋಚನೆ ಮಾಡಲೇ ಇಲ್ಲ."

ಕೀಲಿಗಳ ಸದ್ದು. ಅದರ ಹಿಂದಿನ ಸಾಲಿನಲ್ಲಿದ್ದ ತೂಕವನ್ನು ನೋಡಿದಳು. ಇಪ್ಪತ್ತಾರು ಟನ್ ನಾನೂರು. ನಲವತ್ತೆರಡನ್ನು ತೆಗೆದು, ಆ ಜಾಗದಲ್ಲಿ ಅದನ್ನೇ ಇಟ್ಟಳು. ಸಾಲನ್ನು ಮೊದಲಿಂದ ಕೂಡಿದಳು.

ಕೂಡಿ ಬಂದ ಮೊತ್ತವನ್ನೂ ಪೆಟ್ಟಿಗೆ ಕೊನೆಗೆ ಬರೆದಿಟ್ಟಿದ್ದ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನನ್ನ ಕಡೆ ತಿರುಗಿದಳು. ಎರಡೂ ಒಂದೇ.

"ಪೆಟ್ಟಿಗೆ ಬರೆದದ್ದು ಇಪ್ಪತ್ತಾರೇ," ಎಂದಳು. "ಅಕ್ಕ ಜಗ್ಗಿಲ್ಲ. ಸವೆದ ತಂತಿ, ತಡೆಯಬೇಕಾದ ತೂಕಕ್ಕೇ ಕಿತ್ತಿದೆ. ಆಮೇಲೆ ಯಾರೋ ಈ ಸಾಲು ತಿದ್ದಿದ್ದಾರೆ."

ತೂಕದಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಯಾರು?" ಎಂದೆ.

"ತೂಕ ಯಾವ ಜಾಗದಲ್ಲಿ ಕೂರುತ್ತೆ ಅಂತ ಗೊತ್ತಿದ್ದವರು. ಕೊನೆಯ ಎರಡು ಜೋಡಿ ಯಾಕಿದೆ ಅಂತ ಗೊತ್ತಿಲ್ಲದವರು." ಅವಳು ಗಡಿಯಾರ ನೋಡಿದಳು. "ತಿದ್ದದ ಸಾಲು ಆ ಪೆಟ್ಟಿಗೆಯೊಳಗೆ ಇನ್ನೂ ಇದೆ ಮಾವ. ಬೆಳಿಗ್ಗೆ ಏಳರವರೆಗೆ."

ನಾನು ಎದ್ದು ಗೋಡೆಯ ಹತ್ತಿರ ಹೋದೆ. ಆರು ದಿನದಿಂದ ಅಲ್ಲೇ ನೇತಾಡುತ್ತಿದ್ದ ಹಾಳೆ. ಕೈಬರಹ ಓದಬಲ್ಲೆನೆಂದು ಜಂಬ ಕೊಚ್ಚುವ ನಾನು ಅದನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಗಂಟೆ ಎಲ್ಲಿ, ತೂಕ ಎಲ್ಲಿ, ಎತ್ತರ ಎಲ್ಲಿ. ದುಂಡಗಿನ, ಅವಸರವಿಲ್ಲದ, ಪಾಠ ಹೇಳುವವರ ಅಕ್ಷರ. ತೂಕದ ಜಾಗಕ್ಕೆ ಎರಡು ಅಡಿಗೆರೆ.

ಎಲ್ಲಕ್ಕಿಂತ ಕೆಳಗೆ ದೊಡ್ಡಯ್ಯ ಬರೆದಿದ್ದರು: "ಕೊನೆಯ ಎರಡು ಜೋಡಿ ಲೆಕ್ಕಕ್ಕಿಲ್ಲ."